ದಿನ ತುಂಬದ ಕೂಸಿನ ಕರುಳು: ಒಂದು ಕಾಯಿಲೆಯನ್ನು ಅರಿತ ಬಗೆ

ಅವಧಿಗೆ ಮೊದಲೇ ಹುಟ್ಟಿದ ಮಗು ಮೊದಲ ವಾರ ದಾಟಿ, ಉಸಿರಾಟ ಸುಧಾರಿಸಿ, ಕೊಳವೆಯಲ್ಲಿ ಕೊಡುವ ಹಾಲನ್ನು ದಿನದಿನಕ್ಕೆ ಒಂದೆರಡು ಮಿಲಿಲೀಟರ್ ಏರಿಸುತ್ತಿರುವಾಗ, ಇನ್ನು ಭಯವಿಲ್ಲವೆಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿನಲ್ಲೇ ಈ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಹಿಂದಿನ ಸಲ ಕೊಟ್ಟ ಹಾಲು ಅರಗದೆ ಉಳಿಯುತ್ತದೆ, ಕೊಳವೆಯಲ್ಲಿ ಹಸಿರು ಪಿತ್ತ ಬರುತ್ತದೆ, ಹೊಟ್ಟೆ ಉಬ್ಬಿ ಚರ್ಮ ಬಿಗಿಯುತ್ತದೆ, ಮಲದಲ್ಲಿ ರಕ್ತ ಕಾಣುತ್ತದೆ. ಎಕ್ಸ್‌ರೇ ತೆಗೆದರೆ ಕರುಳಿನ ಗೋಡೆಯ ಒಳಗೇ ಗಾಳಿ ಸೇರಿಕೊಂಡಿರುತ್ತದೆ. ಇದು ನೆಕ್ರೊಟೈಸಿಂಗ್ ಎಂಟರೊಕೊಲೈಟಿಸ್. ವಾರ್ಡಿನ ಮಾತಿನಲ್ಲಿ ಎನ್‌ಇಸಿ. ಒಂದೂವರೆ ಕಿಲೋಗಿಂತ ಕಡಿಮೆ ತೂಕದ ಶಿಶುಗಳಲ್ಲಿ ಸುಮಾರು ನೂರಕ್ಕೆ 7 ಮಕ್ಕಳಿಗೆ ಬರುತ್ತದೆ ಎಂದು ಅಮೆರಿಕದ ಅಂಕಿಅಂಶಗಳು ಹೇಳುತ್ತವೆ. ಬಂದವರಲ್ಲಿ ನೂರಕ್ಕೆ 20ರಿಂದ 30 ಮಕ್ಕಳು ಉಳಿಯುವುದಿಲ್ಲ. ಕರುಳು ತೂತಾಗಿ ಶಸ್ತ್ರಚಿಕಿತ್ಸೆಯವರೆಗೆ ಹೋದರೆ ಅಪಾಯ ಇನ್ನೂ ಹೆಚ್ಚು.

ಇಂಥ ಸಂದರ್ಭದಲ್ಲಿ ನಮ್ಮ ಕಡೆ ಹುಡುಕಾಟ ಬಹುಬೇಗ ತಾಯಿಯ ತಟ್ಟೆಯತ್ತ ತಿರುಗುತ್ತದೆ. ಬಾಣಂತಿ ನಂಜಿನದ್ದೇನೋ ತಿಂದಳು, ಮೈಗೆ ಥಂಡಿ ಸೋಕಿಸಿಕೊಂಡಳು ಎಂಬ ಮಾತು ಹುಟ್ಟಿಕೊಳ್ಳುತ್ತದೆ. ಆರೇಳು ದಶಕಗಳ ಸಂಶೋಧನೆ ಕಂಡುಕೊಂಡಿರುವುದು ಇದಕ್ಕೆ ಪೂರ್ತಿ ಬೇರೆಯಾದ ಸಂಗತಿಯನ್ನು. ಆದ್ದರಿಂದ ಅದರ ಹಿನ್ನೆಲೆಯನ್ನು ಕೊಡಗಿನ ಮನೆಗಳೂ ತಿಳಿದಿರಬೇಕು ಎಂಬುದು ನನ್ನ ಅಭಿಪ್ರಾಯ.

ಕಾಯಿಲೆಗೆ ಈಗಿನ ಹೆಸರು ಬಂದದ್ದು 1953ರಲ್ಲಿ, ಷ್ಮಿಡ್ ಮತ್ತು ಕ್ವೈಸರ್ ಎಂಬ ವೈದ್ಯರ ಬರಹದಿಂದ. 1965ರಲ್ಲಿ ನ್ಯೂಯಾರ್ಕಿನ ಬೇಬೀಸ್ ಆಸ್ಪತ್ರೆಯ ವೈದ್ಯರು ಅವಧಿಪೂರ್ವ ಶಿಶುಗಳಲ್ಲಿ ಇದರ ಲಕ್ಷಣಗಳನ್ನು ವಿವರವಾಗಿ ದಾಖಲಿಸಿದರು. ಅದಕ್ಕೂ ಹಿಂದೆ ಅಷ್ಟು ಚಿಕ್ಕ ಮಕ್ಕಳು ಬದುಕಿ ಉಳಿಯುತ್ತಿದ್ದುದೇ ಅಪರೂಪವಾದ್ದರಿಂದ, ಶಿಶು ಆರೈಕೆ ಸುಧಾರಿಸಿದ ಮೇಲೆಯೇ ಈ ಕಾಯಿಲೆ ಕಣ್ಣಿಗೆ ಬಿತ್ತು ಎನ್ನಬಹುದು. 1978ರಲ್ಲಿ ಬೆಲ್ ಮತ್ತು ಸಂಗಡಿಗರು ತೀವ್ರತೆಯನ್ನು ಮೂರು ಹಂತಗಳಾಗಿ ವಿಂಗಡಿಸಿದರು. ಆ ವಿಂಗಡಣೆ ತಿದ್ದುಪಡಿಗಳೊಂದಿಗೆ ಇಂದಿಗೂ ಬಳಕೆಯಲ್ಲಿದೆ.

ಕಾರಣದ ವಿಷಯದಲ್ಲಿ ಮಾತ್ರ ಒಮ್ಮತವಿರಲಿಲ್ಲ. ಹುಟ್ಟುವಾಗ ಆಮ್ಲಜನಕ ಸಾಲದೆ ಹೋದರೆ ದೇಹವು ಮಿದುಳು ಮತ್ತು ಹೃದಯವನ್ನು ಕಾಪಾಡಲು ಕರುಳಿನ ರಕ್ತವನ್ನು ಕಡಿತಗೊಳಿಸುತ್ತದೆ, ಅದರಿಂದ ಕರುಳು ಸಾಯುತ್ತದೆ ಎಂಬ ವಾದ 1960ರ ದಶಕದ ಕೊನೆಯಲ್ಲಿ ಬಲವಾಗಿತ್ತು. ಆದರೆ ಹುಟ್ಟುವಾಗ ಯಾವ ತೊಂದರೆಯೂ ಇಲ್ಲದ ಮಕ್ಕಳಿಗೂ ಎರಡು ಮೂರು ವಾರ ಕಳೆದ ಮೇಲೆ ಇದು ಬರುವುದನ್ನು ಆ ವಾದ ವಿವರಿಸಲಾರದೆ ಹೋಯಿತು. ಸೋಂಕೇ ಕಾರಣ ಎಂದವರಿಗೂ ಎಲ್ಲ ಮಕ್ಕಳಲ್ಲಿ ಒಂದೇ ರೋಗಾಣು ಸಿಗಲಿಲ್ಲ.

ಉತ್ತರದ ಎಳೆ ಸಿಕ್ಕಿದ್ದು ಮಗುವಿನ ಕರುಳಿನ ಜೀವಕೋಶಗಳಲ್ಲಿ. ಜೀವಕೋಶದ ಎಲ್ಲ ಜೀನ್‌ಗಳೂ ಎಲ್ಲ ಹೊತ್ತಿನಲ್ಲೂ ಕೆಲಸ ಮಾಡುವುದಿಲ್ಲ. ಯಾವ ಜೀನ್‌ನಿಂದ ಎಷ್ಟು ಆರ್‌ಎನ್‌ಎ, ಅಂದರೆ ಆ ಜೀನ್‌ನ ಸೂಚನೆಯ ನಕಲು, ತಯಾರಾಗುತ್ತಿದೆ ಎಂದು ಅಳೆದರೆ ಆ ಕೋಶ ಆ ಗಳಿಗೆಯಲ್ಲಿ ಯಾವ ಕೆಲಸದಲ್ಲಿ ತೊಡಗಿದೆ ಎಂಬುದು ಗೊತ್ತಾಗುತ್ತದೆ. 1998ರಲ್ಲಿ ಬ್ರೂಸ್ ಬಾಯ್ಟ್ಲರ್ ಅವರ ತಂಡ, ಕೆಲವು ಬ್ಯಾಕ್ಟೀರಿಯಾಗಳ ಹೊರಪದರದ ವಿಷವಸ್ತುವನ್ನು ಗುರುತಿಸುವುದು ಟಿಎಲ್‌ಆರ್4 ಎಂಬ ಗ್ರಾಹಿ (ಕೋಶದ ಮೇಲಿದ್ದು ಹೊರಗಿನ ವಸ್ತುವನ್ನು ಗುರುತಿಸಿ ಒಳಕ್ಕೆ ಸಂಕೇತ ಕಳಿಸುವ ಪ್ರೋಟೀನು) ಎಂದು ತೋರಿಸಿತು. 2011ರ ನೊಬೆಲ್ ಪ್ರಶಸ್ತಿಯ ಒಂದು ಪಾಲು ಈ ಶೋಧಕ್ಕೆ ಸಂದಿತು. 2000ದಲ್ಲಿ ಬಾಸ್ಟನ್ನಿನ ಆಲನ್ ವಾಕರ್ ಅವರ ತಂಡ, ಭ್ರೂಣದ ಕರುಳಿನ ಕೋಶಗಳು ಅದೇ ವಿಷವಸ್ತುವಿಗೆ ಬಲಿತ ಕರುಳಿಗಿಂತ ಬಹಳ ಹೆಚ್ಚು ಉರಿಯೂತದ ಸಂಕೇತಗಳನ್ನು ಹೊರಡಿಸುವುದನ್ನು ಕಂಡಿತು. 2011ರಲ್ಲಿ ಅದೇ ತಂಡ ಕಾರಣವನ್ನೂ ತೋರಿಸಿತು: ಎಳೆಯ ಕರುಳಿನಲ್ಲಿ ಉರಿಯೂತವನ್ನು ಆರಂಭಿಸುವ ಜೀನ್‌ಗಳು ಹೆಚ್ಚು ಸಕ್ರಿಯವಾಗಿವೆ, ಅದನ್ನು ಹತೋಟಿಯಲ್ಲಿಡುವ ಜೀನ್‌ಗಳು ಮಂದವಾಗಿವೆ. ಇದನ್ನು ಜೀನ್‌ನ ದೋಷ ಎನ್ನಲಾಗದು. ಗರ್ಭದಲ್ಲಿ ಕರುಳು ಬೆಳೆಯಲು ಟಿಎಲ್‌ಆರ್4 ಬೇಕು. ದಿನ ತುಂಬುತ್ತಾ ಬಂದಂತೆ ಅದರ ಪ್ರಮಾಣ ಇಳಿಯುತ್ತದೆ. ಮಗು ಹನ್ನೆರಡು ವಾರ ಮೊದಲೇ ಹೊರಬಂದರೆ, ಟಿಎಲ್‌ಆರ್4 ಇನ್ನೂ ಮೇಲಿನ ಮಟ್ಟದಲ್ಲಿರುವಾಗಲೇ ಕೋಟ್ಯಂತರ ಬ್ಯಾಕ್ಟೀರಿಯಾಗಳು ಕರುಳಿಗೆ ಇಳಿಯುತ್ತವೆ.

ಅಮೆರಿಕದ ಮಕ್ಕಳ ಶಸ್ತ್ರವೈದ್ಯ ಡೇವಿಡ್ ಹ್ಯಾಕಮ್ ಅವರ ತಂಡ 2007ರಲ್ಲಿ, ಟಿಎಲ್‌ಆರ್4 ಕೆಲಸ ಮಾಡದ ಇಲಿಮರಿಗಳಿಗೆ ಈ ಕಾಯಿಲೆಯಿಂದ ರಕ್ಷಣೆ ಸಿಗುವುದನ್ನು ತೋರಿಸಿತು. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಅದೇ ತಂಡದ 2013ರ ಶೋಧ. ರಕ್ತನಾಳಗಳ ಒಳಪದರದಲ್ಲಿರುವ ಟಿಎಲ್‌ಆರ್4 ಕೆರಳಿದಾಗ, ನಾಳವನ್ನು ಸಡಿಲಗೊಳಿಸುವ ನೈಟ್ರಿಕ್ ಆಕ್ಸೈಡ್‌ನ ಉತ್ಪಾದನೆ ತಗ್ಗಿ ಕರುಳಿಗೆ ಹರಿಯುವ ರಕ್ತ ಕಡಿಮೆಯಾಗುತ್ತದೆ. ರಕ್ತದ ಕೊರತೆ ಎಂದವರೂ ಬ್ಯಾಕ್ಟೀರಿಯಾ ಎಂದವರೂ ಒಂದೇ ಘಟನಾಸರಣಿಯ ಬೇರೆ ಬೇರೆ ಭಾಗಗಳನ್ನು ಕಂಡಿದ್ದರು ಎಂಬುದು ಅಲ್ಲಿಗೆ ತಿಳಿಯಿತು.

ಹಾಲಿನ ಕಥೆ ಇದರ ಜೊತೆಗೇ ಸಾಗಿಬಂದಿದೆ. ಬ್ರಿಟನ್ನಿನ ಲೂಕಸ್ ಮತ್ತು ಕೋಲ್ 1990ರಲ್ಲಿ 926 ಅವಧಿಪೂರ್ವ ಶಿಶುಗಳ ಅಧ್ಯಯನ ಪ್ರಕಟಿಸಿದರು: ಬರೀ ಡಬ್ಬಿ ಹಾಲು ಕುಡಿದವರಲ್ಲಿ ಎನ್‌ಇಸಿ, ಬರೀ ಎದೆಹಾಲು ಕುಡಿದವರಿಗಿಂತ 6ರಿಂದ 10 ಪಟ್ಟು ಹೆಚ್ಚಾಗಿತ್ತು. ಏಕೆ ಎಂಬುದಕ್ಕೆ ಒಂದು ವಿವರಣೆ ಬರಲು ಎರಡು ದಶಕ ಹಿಡಿಯಿತು. ಗರ್ಭದ ನೀರಿನಲ್ಲಿರುವ ಒಂದು ಬೆಳವಣಿಗೆ ಪ್ರೋಟೀನು ಟಿಎಲ್‌ಆರ್4 ಅನ್ನು ತಗ್ಗಿಸುತ್ತದೆ. ಅದೇ ಪ್ರೋಟೀನು ಎದೆಹಾಲಿನಲ್ಲೂ ಇದೆ, ಹೆರಿಗೆಯಾದ ಮೊದಲ ದಿನಗಳ ಹಳದಿ ಹಾಲಿನಲ್ಲಂತೂ ಹೇರಳವಾಗಿದೆ. ಬೇಗ ಹುಟ್ಟಿ ಆ ನೀರನ್ನು ಕಳೆದುಕೊಂಡ ಮಗುವಿಗೆ ತಾಯಿಯ ಹಾಲು ಆ ರಕ್ಷಣೆಯ ಒಂದಂಶವನ್ನು ಮರಳಿ ಕೊಡುತ್ತದೆ.

ಪ್ರೋಬಯಾಟಿಕ್‌ಗಳು, ಅಂದರೆ ಕರುಳಿಗೆ ಒಳ್ಳೆಯದೆಂದು ಕೊಡುವ ಜೀವಂತ ಜೀವಾಣುಗಳು, ಈ ಕಾಯಿಲೆಯ ಅಪಾಯ ತಗ್ಗಿಸುತ್ತವೆಂದು ಹಲವು ಪ್ರಯೋಗಗಳು ಹೇಳಿವೆ. ಆದರೆ ಅದೇ ಜೀವಾಣು ರಕ್ತಕ್ಕೆ ಸೇರಿ ಒಂದು ಶಿಶು ತೀರಿಕೊಂಡ ಬಳಿಕ 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ನೀಡಿತು. ಮನೆಯವರು ತಾವಾಗಿ ತಂದು ಕೊಡುವ ವಸ್ತು ಅದಲ್ಲ.

ಕೊಡಗಿನಲ್ಲಿ ಇದೆಲ್ಲ ಆಸ್ಪತ್ರೆ ಎಷ್ಟು ದೂರ ಎಂಬ ಪ್ರಶ್ನೆಯಾಗಿ ಬದಲಾಗುತ್ತದೆ. ತೋಟದ ಲೈನ್‌ಮನೆಯ ಹೆಣ್ಣುಮಗಳಿಗೆ ಏಳನೇ ತಿಂಗಳಲ್ಲೇ ನೋವು ಕಾಣಿಸಿಕೊಂಡರೆ ಮೊದಲು ಮಡಿಕೇರಿ, ಹೆಚ್ಚಿನ ಚಿಕಿತ್ಸೆ ಬೇಕಾದರೆ ಸುಮಾರು 120 ಕಿಲೋಮೀಟರ್ ದೂರದ ಮೈಸೂರು, ಇಲ್ಲವೇ ಸಂಪಾಜೆ ಘಾಟಿ ಇಳಿದು ಮಂಗಳೂರು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಆ ಘಾಟಿ ರಸ್ತೆಯೇ ಮುಚ್ಚಿಹೋಗಿತ್ತು. ಹೊಟ್ಟೆಯಲ್ಲಿರುವಾಗಲೇ ತಾಯಿಯನ್ನು ದೊಡ್ಡ ಆಸ್ಪತ್ರೆಗೆ ಸೇರಿಸುವುದು ಎಲ್ಲಕ್ಕಿಂತ ಸುರಕ್ಷಿತ. ಹಾಗಾಗದೆ ಮಗುವನ್ನಷ್ಟೇ ಆಂಬುಲೆನ್ಸಿನಲ್ಲಿ ಕಳಿಸಿ, ಸಿಸೇರಿಯನ್ ಆದ ತಾಯಿ ಇಲ್ಲೇ ಉಳಿದರೆ, ಮಗುವಿಗೆ ತೀರಾ ಬೇಕಾದ ಹಾಲು ಇಲ್ಲೇ ಉಳಿಯುತ್ತದೆ. ಅಂಥ ತಾಯಿ ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಕೈಯಿಂದ ಹಾಲು ಹಿಂಡಲು ಆರಂಭಿಸಿ, ಹಗಲೂ ರಾತ್ರಿ ಸೇರಿ ದಿನಕ್ಕೆ ಎಂಟು ಸಲವಾದರೂ ತೆಗೆಯಬೇಕು. ಮೊದಲ ದಿನ ಬರುವುದು ಕೆಲವು ಹನಿಯಷ್ಟೇ ಇರಬಹುದು. ಅದನ್ನೂ ಸ್ವಚ್ಛ ಸಿರಿಂಜಿನಲ್ಲಿ ಸಂಗ್ರಹಿಸಿ, ಹೆಸರು ಮತ್ತು ಹೊತ್ತು ಬರೆದು, ಐಸ್ ಪೆಟ್ಟಿಗೆಯಲ್ಲಿಟ್ಟು ಮಗುವಿರುವ ಕಡೆಗೆ ಕಳಿಸಬಹುದು. ಮಗುವಿನ ತಂದೆಯೋ ಚಿಕ್ಕಪ್ಪನೋ ಮೈಸೂರಿಗೆ ಹೊರಡುವ ಮೊದಲು ನರ್ಸಮ್ಮನನ್ನು ಕೇಳಬೇಕಾದದ್ದು ಇದನ್ನೇ: ತಾಯಿಯ ಹಾಲು ಎಷ್ಟು ಹೊತ್ತಿಗೆ ಸಿಗುತ್ತದೆ, ಅದನ್ನು ಹೇಗೆ ಒಯ್ಯಬೇಕು, ಅಲ್ಲಿ ಯಾರ ಕೈಗೆ ಕೊಡಬೇಕು.