ಒಂದು ಕೈಗಾಡಿಗೆ ಇಷ್ಟೊಂದು ಸ್ಕೆಚ್ ಯಾಕೆ?

ಟೊಮೆಟೊ ಸೀಸನ್‌ನಲ್ಲಿ ಕೋಲಾರದ ಎಪಿಎಂಸಿಗೆ ಹೋದರೆ ಎಲ್ಲಿ ನೋಡಿದರೂ ಕ್ರೇಟ್‌ಗಳೇ. ಒಂದೊಂದರಲ್ಲಿ ಸುಮಾರು 15 ಕೆಜಿ ಹಣ್ಣು. ಅವನ್ನು ಲಾರಿವರೆಗೆ ಸಾಗಿಸುವ ಕೈಗಾಡಿಯೊಂದರ ವಿನ್ಯಾಸ ಈಗ ನನ್ನ ಕೈಯಲ್ಲಿದೆ. ವಿನ್ಯಾಸ ಕಲಿಯಲು ಬರುವ ಹುಡುಗರು ಅದರ ಹಾಳೆಗಳನ್ನು ನೋಡಿ, 'ಒಂದೇ ಗಾಡಿಗೆ ಇಷ್ಟು ಥರದ ಚಿತ್ರ ಯಾಕೆ ಸಾರ್?' ಎಂದು ಕೇಳುತ್ತಾರೆ. ಒಬ್ಬೊಬ್ಬರಿಂದ ಒಂದೊಂದು ಉತ್ತರ ಬೇಕು, ಅದಕ್ಕೆ.

ಮೊದಲಿನವು ಬೆಂಕಿಪೊಟ್ಟಣದಷ್ಟು ಚಿಕ್ಕ ಚಿತ್ರಗಳು. ಬಾಲ್‌ಪೆನ್ನಲ್ಲೇ ಬರೆಯುತ್ತೇನೆ. ರಬ್ಬರ್ ಕೈಗೆ ಸಿಕ್ಕರೆ ಒಂದನ್ನೇ ತಿದ್ದುತ್ತಾ ಕೂರುತ್ತೇವೆ, ಹೊಸದು ಹೊಳೆಯುವುದಿಲ್ಲ. ಎರಡು ಚಕ್ರವೋ ಮೂರೋ? ಎಳೆಯುವುದೋ ತಳ್ಳುವುದೋ? ಇಲ್ಲಿ ಅಷ್ಟೇ ಪ್ರಶ್ನೆ. ಈ ಹಾಳೆ ನನಗೆ ಮಾತ್ರ.

ಎರಡನೆಯದು ಹಮಾಲಿಗಳಿಗೆ. ಇದರಲ್ಲಿ ಗಾಡಿಗಿಂತ ಮನುಷ್ಯ ಮುಖ್ಯ. ಬಗ್ಗಿದ ಬೆನ್ನು, ಮಡಚಿದ ಮೊಣಕೈ, ಒಂದರ ಮೇಲೊಂದು ಇಟ್ಟ ಕ್ರೇಟ್‌ಗಳು, ಎಲ್ಲವನ್ನೂ ಪಕ್ಕದಿಂದ ನೋಡಿದಂತೆ ಬರೆಯುತ್ತೇನೆ. ಗೆರೆಗಳನ್ನು ಬೇಕಂತಲೇ ಒರಟಾಗಿ ಬಿಡುತ್ತೇನೆ. ನೀಟಾಗಿ ಬಣ್ಣ ಹಚ್ಚಿದ ಚಿತ್ರ ತೋರಿಸಿದರೆ 'ಚೆನ್ನಾಗಿದೆ ಸಾರ್' ಎನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯಿತು. ಮುಗಿದಂತೆ ಕಾಣುವ ಕೆಲಸಕ್ಕೆ ಯಾರು ತಾನೇ ತಪ್ಪು ಹೇಳುತ್ತಾರೆ? ಒರಟು ಚಿತ್ರ ನೋಡಿದ ಒಬ್ಬರು ನನ್ನ ಪೆನ್ನನ್ನೇ ತಗೊಂಡು ಹಿಡಿಯ ಎರಡೂ ತುದಿ ಹೊಡೆದುಹಾಕಿದರು. 'ಇಷ್ಟು ಅಗಲ ಇದ್ರೆ ಲಾರಿ ಸಂದೀಲಿ ಬೆರಳ ಗೆಣ್ಣು ಕಿತ್ತೋಗುತ್ತೆ.' ಹಿಡಿ ಚಕ್ರಗಳಿಗಿಂತ ಒಳಕ್ಕೆ ಬಂದದ್ದು ಆ ಎರಡು ಗೆರೆಗಳಿಂದ. ಎಲ್ಲಕ್ಕಿಂತ ಜಾಸ್ತಿ ಸಮಯ ಈ ಹಾಳೆಗೇ ಕೊಡಬೇಕು.

ಫ್ಯಾಬ್ರಿಕೇಶನ್ ಶಾಪಿಗೆ ಮೊದಲು ಐಸೊಮೆಟ್ರಿಕ್, ಅಂದರೆ ಗಾಡಿಯ ಮೂರು ಬದಿ ಒಟ್ಟಿಗೆ ಕಾಣುವ ಚಿತ್ರ, ಕೊಡುತ್ತೇನೆ. ಉದ್ದ, ಅಗಲದ ಗೆರೆಗಳು 30 ಡಿಗ್ರಿ ಓರೆ, ಎತ್ತರ ನೇರ. ಮೂರಕ್ಕೂ ಒಂದೇ ಸ್ಕೇಲ್. ಕಣ್ಣಿಗೆ ಕಂಡಂತೆ ಬರೆಯುವ ಪರ್ಸ್ಪೆಕ್ಟಿವ್‌ ಚಿತ್ರದಲ್ಲಿ ದೂರದ ತುದಿ ಚಿಕ್ಕದಾಗುತ್ತದೆ. ನೋಡಲು ಸಹಜ, ಅಳತೆಗೆ ಆಗಿಬರುವುದಿಲ್ಲ. ಜೊತೆಗೆ ಬಿಡಿಭಾಗ ಬಿಚ್ಚಿಟ್ಟ ಎಕ್ಸ್‌ಪ್ಲೋಡೆಡ್ ವ್ಯೂ ಇರಲಿ. ಬೇರಿಂಗ್, ವಾಷರ್, ನಟ್, ಎಲ್ಲ ಜೋಡಿಸುವ ಸರದಿಯಲ್ಲೇ. ಅದನ್ನು ನೋಡಿದ ವೆಲ್ಡರ್ ಮೂಲೆಯ ಪಟ್ಟಿ ತೋರಿಸಿ, 'ಇದು ಮೊದಲು ಕೂತ್ರೆ ರಾಡ್ ಒಳಗೆ ಹೋಗಲ್ಲ' ಎಂದರು. ಪಟ್ಟಿ ಕೊನೆಗೆ ಹೋಯಿತು.

ಆಮೇಲೆ ಮುಂದಿನ, ಮೇಲಿನ, ಪಕ್ಕದ ನೋಟ, ಮಿಲಿಮೀಟರ್ ಸಮೇತ. ಈ ನೋಟಗಳನ್ನು ಹಾಳೆಯಲ್ಲಿ ಜೋಡಿಸಲು ನಮ್ಮಲ್ಲಿ ಫಸ್ಟ್ ಆ್ಯಂಗಲ್ ಎಂಬ ಪದ್ಧತಿ. ಮೇಲಿನ ನೋಟ ಮುಂದಿನ ನೋಟದ ಕೆಳಗೆ ಬರುತ್ತದೆ. ಅಮೆರಿಕದಲ್ಲಿ ಬಳಸುವ ಥರ್ಡ್ ಆ್ಯಂಗಲ್‌ನಲ್ಲಿ ಅದು ಮೇಲೇ ಇರುತ್ತದೆ. ಯಾವ ಪದ್ಧತಿ ಎಂಬ ಚಿಹ್ನೆಯನ್ನು ಹಾಳೆಯ ಮೂಲೆಯಲ್ಲಿ ಹಾಕಲೇಬೇಕು. ಇಲ್ಲದಿದ್ದರೆ ಎಡಗಡೆಯ ಬ್ರಾಕೆಟ್ ಬಲಗಡೆ ಕೂರಬಹುದು.

ಬಣ್ಣ, ನೆರಳು ಹಾಕಿದ ರೆಂಡರಿಂಗ್ ದುಡ್ಡು ಹಾಕುವವರಿಗೆ. ಅದನ್ನು ಕೊನೆಗೇ ಮಾಡಿ. ಸುಮ್ನೆ ಖಾಲಿ ಗಾಡಿ ಬರೆಯಬೇಡಿ. ಮೇಲೆ ತುಂಬಿದ ಕ್ರೇಟ್, ಪಕ್ಕದಲ್ಲೊಬ್ಬ ಆಳು ಇದ್ದರೆ ಗಾಡಿಯ ಗಾತ್ರ ಎಷ್ಟೆಂದು ಯಾರಿಗೂ ವಿವರಿಸಬೇಕಿಲ್ಲ.