ಯಂತ್ರ ತುಂಬುವ ಮೊದಲೇ ತುಂಬುವ ಸರದಿ

ದೊಡ್ಡ ಸರ್ಕಾರಿ ಇಲಾಖೆಯೊಂದರ ಸರ್ವರ್‌ಗಳು ಸರಾಸರಿ ಶೇ. 40ರಷ್ಟು ಮಾತ್ರ ಬಳಕೆಯಾಗುತ್ತಿವೆ ಎಂಬ ವರದಿ ಕೈಗೆ ಬಂದರೆ, ಉಳಿದದ್ದು ದುಂದುವೆಚ್ಚವೆಂದು ಲೆಕ್ಕಪರಿಶೋಧಕರು ಷರಾ ಬರೆಯುವುದು ಸಹಜ. ಆದರೆ ಇಲ್ಲಿ ಸರಾಸರಿಯಷ್ಟು ದಾರಿ ತಪ್ಪಿಸುವ ಸಂಖ್ಯೆ ಮತ್ತೊಂದಿಲ್ಲ. ನಡುರಾತ್ರಿ ಸುಮ್ಮನಿರುವ ಯಂತ್ರವೇ ತೆರಿಗೆ ವಿವರ ಸಲ್ಲಿಸುವ ಕೊನೆಯ ದಿನದ ಸಂಜೆ ಏದುಸಿರು ಬಿಡುತ್ತದೆ; ಸಾಮರ್ಥ್ಯವನ್ನು ಅಳೆಯಬೇಕಾದದ್ದು ಆ ಸಂಜೆಗೆ.

ಅದೂ ಯಂತ್ರ ಪೂರ್ತಿ ತುಂಬುವವರೆಗೆ ಕಾಯುವಂತಿಲ್ಲ. ಕೋಪನ್‌ಹೇಗನ್ ದೂರವಾಣಿ ಕಂಪನಿಯಲ್ಲಿದ್ದ ಗಣಿತಜ್ಞ ಎ. ಕೆ. ಎರ್ಲಾಂಗ್ 1909ರಲ್ಲಿ ಕರೆಗಳ ಕುರಿತು ಪ್ರಕಟಿಸಿದ ಲೇಖನದಿಂದ ಬೆಳೆದ ಸರದಿ ಸಿದ್ಧಾಂತ, ಅಂದರೆ ಸಾಲಿನಲ್ಲಿ ಕಾಯುವುದರ ಗಣಿತ, ಇದಕ್ಕೆ ಕಾರಣ ಕೊಡುತ್ತದೆ. ಒಂದು ಅರ್ಜಿಗೆ ಸರಾಸರಿ 1 ಸೆಕೆಂಡಿನ ಕೆಲಸವಿದೆ, ಅರ್ಜಿಗಳು ಹೊತ್ತುಗೊತ್ತಿಲ್ಲದೆ ಬರುತ್ತವೆ ಎಂದುಕೊಳ್ಳೋಣ. ಈ ಸಿದ್ಧಾಂತದ ಅತ್ಯಂತ ಸರಳ ಮಾದರಿಯ ಪ್ರಕಾರ, ಸರ್ವರ್ ಶೇ. 50ರಷ್ಟು ದುಡಿಯುತ್ತಿದ್ದಾಗ ಉತ್ತರ ಬರಲು 2 ಸೆಕೆಂಡು ಬೇಕು, ಶೇ. 80ಕ್ಕೆ 5 ಸೆಕೆಂಡು, ಶೇ. 90ಕ್ಕೆ 10, ಶೇ. 95ಕ್ಕೆ 20. ಶೇ. 90ರಿಂದ 95ಕ್ಕೆ ಆದ ಹೆಚ್ಚಳವೇ ಕಾಯುವ ಹೊತ್ತನ್ನು ಇಮ್ಮಡಿಗೊಳಿಸಿತು. ಉತ್ತರ ಬಾರದ್ದಕ್ಕೆ ಬೇಸತ್ತ ಅರ್ಜಿದಾರ ಮತ್ತೆ ಮತ್ತೆ ಗುಂಡಿ ಒತ್ತಿ ಸರದಿಯನ್ನು ಇನ್ನಷ್ಟು ಉದ್ದಮಾಡುವುದು ಬೇರೆ ಮಾತು.

ಸರ್ಕಾರದ ಹೊರೆ ಕಾನೂನಿನ ಬೆನ್ನು ಹಿಡಿದು ಬರುವುದರಿಂದ, ಹಳೆಯ ಅಂಕಿಗಳ ಗೆರೆಯನ್ನು ಮುಂದಕ್ಕೆ ಎಳೆದರೆ ಮಾತ್ರ ಸಾಲದು. ಅಮೆರಿಕದ ಆರೋಗ್ಯ ವಿಮಾ ಜಾಲತಾಣ ಹೆಲ್ತ್‌ಕೇರ್.ಗವ್ 2013ರ ಅಕ್ಟೋಬರ್ 1ರಂದು ತೆರೆದಾಗ, ವಿಮೆಗಳನ್ನು ಬರೀ ನೋಡಲು ಬಂದವರೂ ಮೊದಲು ಖಾತೆ ತೆರೆಯಬೇಕಿದ್ದುದರಿಂದ ಎಲ್ಲರ ಭಾರವೂ ಒಂದೇ ಘಟ್ಟದ ಮೇಲೆ ಬಿತ್ತು. ಮೊದಲ ದಿನ ವಿಮೆಗೆ ನೋಂದಣಿ ಮುಗಿಸಿದವರು 6 ಮಂದಿ.

ಯೋಜಕರಿಗೆ ಅತಿ ಕಷ್ಟದ ಲೆಕ್ಕ ಖರೀದಿಯದು. ಹೊರೆ ತಿಂಗಳಿಗೆ ಶೇ. 2ರಂತೆ ಏರುತ್ತಿದ್ದು, ಮಂಜೂರಾತಿ, ಟೆಂಡರ್, ಸರಬರಾಜು, ಅಳವಡಿಕೆ ಎಲ್ಲ ಸೇರಿ 14 ತಿಂಗಳು ಹಿಡಿಯುವುದಾದರೆ, ಅಷ್ಟರಲ್ಲಿ ಹೊರೆ ಸುಮಾರು ಶೇ. 32ರಷ್ಟು ಬೆಳೆದಿರುತ್ತದೆ. ದಟ್ಟಣೆಯ ವೇಳೆಯಲ್ಲೂ ಬಳಕೆ ಶೇ. 70 ದಾಟಬಾರದೆಂದಿದ್ದರೆ, ಅದು ಶೇ. 53 ಮುಟ್ಟಿದಾಗಲೇ ಕಡತ ಹೊರಡಬೇಕು. ಯಂತ್ರ ಅರ್ಧ ಖಾಲಿ ಕಾಣುವಾಗ ಹಣಕಾಸು ವಿಭಾಗವನ್ನು ಒಪ್ಪಿಸುವುದು ನನ್ನ ದೃಷ್ಟಿಯಲ್ಲಿ ಗಣಿತಕ್ಕಿಂತ ಕಠಿಣ.

ಬೇಕಾದಾಗ ಬಾಡಿಗೆಗೆ ಸಿಗುವ ಕ್ಲೌಡ್ ಈ 14 ತಿಂಗಳನ್ನು ನಿಮಿಷಗಳಿಗೆ ಇಳಿಸಬಲ್ಲದು, ನಿಜ. ಆದರೆ ಪ್ರತಿ ಅರ್ಜಿಯೂ ದತ್ತಾಂಶಕೋಶದ ಒಂದೇ ದಾಖಲೆಯನ್ನು ಬೀಗ ಹಾಕಿ, ಅಂದರೆ ಆ ಹೊತ್ತಿಗೆ ಬೇರಾರೂ ಮುಟ್ಟದಂತೆ ತಡೆದು, ತಿದ್ದಬೇಕಾದಲ್ಲಿ, ನೂರು ಸರ್ವರ್ ಸೇರಿಸಿದರೂ ಅವು ಆ ಬೀಗದ ಮುಂದೆಯೇ ಸಾಲುಗಟ್ಟುತ್ತವೆ.