ಸ್ಟಾಪರ್ ಕೋಚ್ ಆದರೆ ಏನನ್ನು ನೋಡುತ್ತಾನೆ?

2015ರ ಮೇ 31. ಕಂಠೀರವದಲ್ಲಿ ಮೋಹನ್ ಬಾಗನ್ ಎದುರು ಬೆಂಗಳೂರು ಎಫ್‌ಸಿ 1-0 ಮುಂದಿತ್ತು. ಹಾಗೇ ಮುಗಿದಿದ್ದರೆ ಸತತ ಎರಡನೇ ವರ್ಷ ಐ-ಲೀಗ್, ಅಂದರೆ ಆಗಿನ ರಾಷ್ಟ್ರೀಯ ಫುಟ್‌ಬಾಲ್ ಲೀಗ್, ನಮ್ಮದೇ. ಬಾಗನ್‌ಗೆ ಡ್ರಾ ಸಾಕಿತ್ತು. 87ನೇ ನಿಮಿಷದಲ್ಲಿ ಅವರಿಗೆ ಒಂದು ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಒದೆಯುವ ಅವಕಾಶ, ಬಂತು. ಸೋನಿ ನೋರ್ಡೆ ಒಳಗೆ ಹಾಕಿದ ಚೆಂಡಿಗೆ ಬೆಲ್ಲೊ ರಜಾಕ್ ತಲೆ ಕೊಟ್ಟ. 1-1. ಕಪ್ ಕೋಲ್ಕತ್ತಕ್ಕೆ ಹೋಯಿತು.

ಬೆಲ್ಲೊ ಸ್ಟಾಪರ್, ಅಂದರೆ ಗೋಲಿನ ಮುಂದೆ ನಡುವೆ ನಿಂತು ಕಾಯುವ ಡಿಫೆಂಡರ್. ನಮ್ಮ ಗೋಲು ಹೊಡೆದಿದ್ದ ಜಾನ್ ಜಾನ್ಸನ್ ಕೂಡ ಸ್ಟಾಪರ್. ನಮ್ಮ ಕೋಚ್ ಆ್ಯಶ್ಲಿ ವೆಸ್ಟ್‌ವುಡ್ ಇಂಗ್ಲೆಂಡಿನಲ್ಲಿ ಹದಿನೈದು ವರ್ಷಕ್ಕೂ ಜಾಸ್ತಿ ಆಡಿದ್ದು ಅದೇ ಜಾಗದಲ್ಲಿ. ಇಡೀ ಜೀವನ ಕಾರ್ನರ್ ತಲೆಯಿಂದ ಹೊರಗೆ ಹೊಡೆದ ಮನುಷ್ಯ, ಕೊನೆಗೆ ಲೀಗ್ ಕಳೆದುಕೊಂಡಿದ್ದು ಒಂದು ಕಾರ್ನರ್‌ನಲ್ಲಿ. ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುವ ನನ್ನಂಥವನಿಗೆ ಆ ಸಂಜೆಯ ಕಥೆ ಇನ್ನೂ ಪಾಠವೇ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಬರ್ನ್‌ಲಿಯಲ್ಲಿ ಆಡಿದ ಮಿಡ್‌ಫೀಲ್ಡರ್ ಆ್ಯಶ್ಲಿ ವೆಸ್ಟ್‌ವುಡ್ ಬೇರೆ. ತಮಾಷೆ ಅಂದರೆ ಇಬ್ಬರೂ ಕ್ರೂ ಕ್ಲಬ್ಬಿಗೆ ಆಡಿದವರೇ. ನಮ್ಮವರು 1976ರಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಪಳಗಿದರು, ಆದರೆ ಮುಖ್ಯ ತಂಡದ ಬಾಗಿಲು ತೆರೆಯಲಿಲ್ಲ. ಆಮೇಲೆ ಕ್ರೂ, ಬ್ರಾಡ್‌ಫರ್ಡ್, ಶೆಫೀಲ್ಡ್ ವೆಡ್ನಸ್‌ಡೇ, ನಾರ್ಥಾಂಪ್ಟನ್, ಸ್ಟೀವನೇಜ್, ರೆಕ್ಸ್‌ಹ್ಯಾಮ್ ಅಂತ ಊರೂರು ಸುತ್ತಿದರು. ಕೆಳಗಿನ ಡಿವಿಜನ್‌ಗಳ ಆಟ ನೋಡಿದವರಿಗೆ ಗೊತ್ತು. ಅಲ್ಲಿ ಚೆಂಡು ಮೇಲಿಂದಲೇ ಬರುತ್ತೆ, ಅದರ ಜೊತೆ ಮೊಣಕೈಯೂ ಬರುತ್ತೆ. ಮೆತ್ತಗಿರುವವನು ಹತ್ತಾರು ವರ್ಷ ಅಲ್ಲಿ ಉಳಿಯೋದಿಲ್ಲ.

2013ರಲ್ಲಿ ಹೊಸದಾಗಿ ಹುಟ್ಟಿದ ಬೆಂಗಳೂರು ಎಫ್‌ಸಿ ಇವರನ್ನು ಕರೆತಂದಿತು. ಅದಕ್ಕೆ ಮುಂಚೆ ಮುಖ್ಯ ಕೋಚ್ ಆಗಿ ಹೆಸರು ಮಾಡಿದವರಲ್ಲ. ಕ್ಲಬ್ಬಿಗೂ ಇತಿಹಾಸ ಇರಲಿಲ್ಲ. ಆಟ ಅಶೋಕನಗರದ ಹಳೇ ಫುಟ್‌ಬಾಲ್ ಸ್ಟೇಡಿಯಂನಲ್ಲಿ, ಕೃತಕ ಹುಲ್ಲಿನ ಮೇಲೆ. ಆ ಹುಲ್ಲಿನ ಮೇಲೆ ಸ್ಲೈಡ್ ಮಾಡಿದರೆ ತೊಡೆಯ ಚರ್ಮ ಕಿತ್ತು ಬರುತ್ತೆ, ನನ್ನ ಹುಡುಗರನ್ನು ಕೇಳಿ. ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದರು. 2014ರ ಏಪ್ರಿಲ್‌ನಲ್ಲಿ ಗೋವಾಕ್ಕೆ ಹೋಗಿ ಡೆಂಪೊವನ್ನು 4-2ರಿಂದ ಸೋಲಿಸಿ, ಇನ್ನೂ ಒಂದು ಪಂದ್ಯ ಬಾಕಿ ಇರುವಾಗಲೇ. ನಾಯಕ ಸುನಿಲ್ ಛೆಟ್ರಿ ಆ ಲೀಗ್‌ನಲ್ಲಿ 14 ಗೋಲು ಹೊಡೆದರು. ಆಮೇಲೆ ಫೆಡರೇಷನ್ ಕಪ್, 2016ರಲ್ಲಿ ಮತ್ತೆ ಐ-ಲೀಗ್.

ಜನ ಛೆಟ್ರಿಯ ಗೋಲು ನೆನಪಿಟ್ಟುಕೊಂಡರು. ಸರಿಯೇ. ನಾನು ಮಾತ್ರ ಕೊನೇ ಇಪ್ಪತ್ತು ನಿಮಿಷ ನೋಡುತ್ತಿದ್ದೆ.

ಸುಸ್ತಾದ ತಂಡದಲ್ಲಿ ಮೊದಲು ನಿಲ್ಲುವುದು ಬಾಯಿ, ಕಾಲಲ್ಲ. 70ನೇ ನಿಮಿಷದವರೆಗೆ ‘ಎಡಕ್ಕೆ, ಹಿಂದೆ ಒಬ್ಬ ಇದಾನೆ’ ಅಂತ ಕೂಗುತ್ತಿದ್ದ ಹುಡುಗ ಸುಮ್ಮನಾಗುತ್ತಾನೆ. ಆಮೇಲೆ ಸ್ಟಾಪರ್‌ಗಳು ಹೆದರಿ ಪೆನಾಲ್ಟಿ ಬಾಕ್ಸ್ ಕಡೆ ಹಿಂದೆ ಸರಿಯುತ್ತಾರೆ. ಮಿಡ್‌ಫೀಲ್ಡ್‌ನವರಿಗೆ ಅಷ್ಟು ಹಿಂದೆ ಬರಲು ಕಾಲಲ್ಲಿ ಶಕ್ತಿ ಇರಲ್ಲ. ನಡುವೆ ಒಂದು ಸೈಟಿನಷ್ಟು ಖಾಲಿ ಜಾಗ ಬೀಳುತ್ತೆ. ಎದುರಾಳಿ ಅಲ್ಲೇ ಬಂದು ನಿಲ್ಲುತ್ತಾನೆ. ಫಾರ್ವರ್ಡ್ ಆಗಿದ್ದವನು ಕೋಚ್ ಆದರೆ ಅವನ ಕಣ್ಣು ಚೆಂಡಿನ ಮೇಲಿರುತ್ತೆ. ಸ್ಟಾಪರ್ ಆಗಿದ್ದವನಿಗೆ ಮೊದಲು ಕಾಣುವುದು ಆ ಖಾಲಿ ಜಾಗ. ಗಟ್ಟಿ ಆಟಗಾರ ಅಂದರೆ ಟ್ಯಾಕಲ್ ಮಾಡುವವನು ಅಂತ ನಮ್ಮಲ್ಲಿ ಒಂದು ತಪ್ಪು ಕಲ್ಪನೆ ಇದೆ. ಟ್ಯಾಕಲ್ ಬೇಕಾಯಿತು ಅಂದರೆ ಅದಕ್ಕೂ ಹತ್ತು ಸೆಕೆಂಡ್ ಮೊದಲು ಯಾರೋ ತಪ್ಪು ಜಾಗದಲ್ಲಿ ನಿಂತಿದ್ದರು ಅಂತಲೇ ಅರ್ಥ.

ನನ್ನ ಹದಿನಾಲ್ಕು ವರ್ಷದವರ ತಂಡದಲ್ಲಿ ಒಬ್ಬ ಹುಡುಗ ಇದ್ದ. ಎತ್ತರ, ಒಳ್ಳೇ ಧೈರ್ಯ, ಕಂಡಕಂಡಲ್ಲಿ ಸ್ಲೈಡ್. ಬದಿಯಲ್ಲಿ ನಿಂತ ಅಪ್ಪಂದಿರು ಚಪ್ಪಾಳೆ ಹೊಡೆಯುತ್ತಿದ್ದರು. ಒಂದು ತಿಂಗಳು ಅವನಿಗೆ ನೆಲಕ್ಕೆ ಬೀಳುವುದನ್ನೇ ನಿಲ್ಲಿಸಿದೆ. ‘ಬಿದ್ರೆ ಹೊರಗೆ ಕೂರ್ತೀಯ’ ಅಂದೆ. ಮೊದಲ ವಾರ ಪ್ರತಿ ದಿನ ಹೊರಗೇ ಕೂತ. ಮೂರನೇ ವಾರಕ್ಕೆ ಬಾಯಿ ಬಿಟ್ಟ, ಪಕ್ಕದವನನ್ನು ಹೆಸರು ಹಿಡಿದು ಕರೆಯತೊಡಗಿದ. ‘ಸರ್, ಈಗ ಅವ್ರು ಬರೋದೇ ಕಮ್ಮಿ ಆಗಿದೆ’ ಅಂದ. ಬರುತ್ತಿದ್ದರು, ಆದರೆ ಇವನಿದ್ದ ಕಡೆ ದಾರಿ ಇರಲಿಲ್ಲ ಅಷ್ಟೇ.

ಮತ್ತೆ ಆ ಕಾರ್ನರ್‌ಗೆ ಬರೋಣ. ಕಾರ್ನರ್‌ನಲ್ಲಿ ದಾಳಿ ಮಾಡುವವನು ಓಡಿ ಬಂದು ಹಾರುತ್ತಾನೆ. ಕಾಯುವವನು ನಿಂತಲ್ಲೇ ಹಾರಬೇಕು. ಇಬ್ಬರೂ ಒಂದೇ ಎತ್ತರದವರಾದರೂ ಓಡಿ ಬಂದವನೇ ಮೇಲೆ. ಹಾಗಾಗಿ ಚೆಂಡು ಬರುವ ಮುಂಚೆಯೇ ಅವನ ಓಟದ ದಾರಿಗೆ ಅಡ್ಡ ನಿಲ್ಲಬೇಕು. ತಳ್ಳಬಾರದು, ಹಿಡಿಯಬಾರದು, ಸುಮ್ನೆ ದಾರಿಯಲ್ಲಿರಬೇಕು. ಹೇಳಲು ಇಷ್ಟೇ. ಫೈನಲ್ ಒಂದರಲ್ಲಿ ನಾನೂ ಇದನ್ನು ಹೇಳಿಯೇ ಕಳಿಸಿದ್ದೆ. ಎಲ್ಲರೂ ಚೆಂಡು ನೋಡುತ್ತಾ ನಿಂತರು, ಒಬ್ಬನ ಹಿಂದೆಯೂ ಯಾರೂ ಹೋಗಲಿಲ್ಲ. ಸೋತೆವು. ಇಂಗ್ಲಿಷ್ ಲೀಗಿನಲ್ಲಿ ಪಳಗಿದವರ ತಂಡಕ್ಕೇ ಆಗಿದ್ದು ನನ್ನ ಮಕ್ಕಳಿಗೆ ಆಗಲ್ವಾ?

ವೆಸ್ಟ್‌ವುಡ್ 2016ರಲ್ಲಿ ಹೊರಟರು. ಮಲೇಷ್ಯಾ, ಕೋಲ್ಕತ್ತ, ಪಂಜಾಬ್ ಎಲ್ಲ ಸುತ್ತಿದರು. ಇಲ್ಲಿನಷ್ಟು ಹೆಸರು ಎಲ್ಲೂ ಬರಲಿಲ್ಲ. ಆಮೇಲೆ ಅಫ್ಘಾನಿಸ್ತಾನದ ಕೋಚ್ ಆದರು. 2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ ಭಾರತದ ಎದುರು ಆಟ, ಛೆಟ್ರಿಯ 150ನೇ ಅಂತರರಾಷ್ಟ್ರೀಯ ಪಂದ್ಯ. ಅಫ್ಘಾನ್ ತಂಡದ ಹಲವು ಹಿರಿಯರು ತಮ್ಮ ಫೆಡರೇಷನ್ ಮೇಲೆ ಮುನಿಸಿಕೊಂಡು ಆಡುತ್ತಲೇ ಇರಲಿಲ್ಲ. ಛೆಟ್ರಿ ಪೆನಾಲ್ಟಿಯಲ್ಲಿ ಗೋಲು ಹೊಡೆದರು. 70ನೇ ನಿಮಿಷದಲ್ಲಿ ಅಫ್ಘಾನ್ ಸಮ ಮಾಡಿತು. 88ರಲ್ಲಿ ಅವರಿಗೇ ಪೆನಾಲ್ಟಿ, ಭಾರತ 2-1ರಿಂದ ಸೋತಿತು. ಮನೆಯಲ್ಲಿ ಟಿವಿ ಮುಂದೆ ಕೂತಿದ್ದ ನಾನು ಭಾರತದ ಮಿಡ್‌ಫೀಲ್ಡ್ ಮತ್ತು ಡಿಫೆನ್ಸ್ ನಡುವಿನ ಆ ಖಾಲಿ ಸೈಟನ್ನು ಹುಡುಕುತ್ತಿದ್ದೆ.

2025ರ ಜೂನ್ 10ರಂದು ಹಾಂಗ್‌ಕಾಂಗ್‌ನ ಕೈ ಟಾಕ್ ಸ್ಟೇಡಿಯಂ. ಈ ಸಲ ವೆಸ್ಟ್‌ವುಡ್ ಹಾಂಗ್‌ಕಾಂಗ್ ಕಡೆ. 90 ನಿಮಿಷ 0-0. ಇಂಜುರಿ ಟೈಮ್‌ನ ನಾಲ್ಕನೇ ನಿಮಿಷದಲ್ಲಿ ಪೆನಾಲ್ಟಿ, ಸ್ಟೆಫನ್ ಪೆರೇರಾ ಒಳಗೆ ಹಾಕಿದ. ಭಾರತಕ್ಕೆ ಮತ್ತೆ ಸೋಲು.

ಮುಂದಿನ ಪ್ರಾಕ್ಟೀಸಿಗೆ ಬಂದ ಹುಡುಗರಿಗೆ ಸಿಟ್ಟು. ‘ಸರ್, ಬೆಂಗಳೂರಿಗೆ ಕಪ್ ಗೆಲ್ಸಿದ್ದು ಇವ್ರೇನಾ?’ ಅಂತ ಒಬ್ಬ ಕೇಳಿದ. ಹೂಂ ಅಂದೆ. ಅವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಅವತ್ತು ಕೊನೇ ಇಪ್ಪತ್ತು ನಿಮಿಷ ಗೋಲು ಹೊಡೆಯುವ ಪ್ರಾಕ್ಟೀಸ್ ಇಟ್ಟುಕೊಳ್ಳಲಿಲ್ಲ. ಎಲ್ಲರನ್ನೂ ಓಡಿಸಿ ಸುಸ್ತು ಮಾಡಿ, ಕಾರ್ನರ್ ಮೇಲೆ ಕಾರ್ನರ್ ಹಾಕಿಸಿದೆ.